ಮಾವ ಕಟ್ಟಿದ ಸ್ವಿಸ್ ವಾಚು

ಸೋಮಾರಿತನವನ್ನು ಮುಚ್ಚಿಡುವುದು ಅಂಥ ಕಷ್ಟದ ಕೆಲಸವಲ್ಲ. ಕೈಯಲ್ಲೊಂದು ಪೇಪರು, ಮುಖದಲ್ಲೊಂದಿಷ್ಟು ಚಿಂತೆ, ಆಗಾಗ ಒಂದು ನಿಟ್ಟುಸಿರು ಇದ್ದರೆ ಎಂಥ ಮೈಗಳ್ಳನೂ ಸಂಸಾರದ ಭಾರ ಹೊತ್ತವನಂತೆ ಕಾಣುತ್ತಾನೆ. ಮದುವೆಯಾಗುವವರೆಗೆ ನಾನೂ ಹಾಗೆಯೇ ಕಾಣುತ್ತಿದ್ದೆ. ವರಪೂಜೆಯ ದಿನ ಮಾವನವರು ನನ್ನ ಕೈಗೆ ಒಂದು ವಾಚು ಕಟ್ಟಿದರು. ಅಳಿಯನಿಗೆ ಸೂಟು, ಉಂಗುರ, ವಾಚು ಕೊಡುವುದು ನಮ್ಮ ಮೈಸೂರು ಕಡೆಯ ವಾಡಿಕೆ. ಆದರೆ ಇದು ಸ್ವಿಟ್ಜರ್ಲೆಂಡಿನ ವಾಚು, ಅದೂ ಆಟೋಮ್ಯಾಟಿಕ್. ಬ್ಯಾಟರಿ ಇಲ್ಲ, ಕೀ ಕೊಡುವ ಗೋಜೂ ಇಲ್ಲ. ಒಳಗೆ ಅರ್ಧಚಂದ್ರದಂಥ ಒಂದು ತೂಕದ ಬಿಲ್ಲೆ ಇರುತ್ತದೆ. ಕೈ ಆಡಿದಂತೆಲ್ಲ ಅದು ತಿರುಗಿ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಕೈ ಆಡದಿದ್ದರೆ ವಾಚು ನಿಲ್ಲುತ್ತದೆ. ಅಂದರೆ ನಾನು ಎಷ್ಟು ಮೈ ಬಗ್ಗಿಸುತ್ತೇನೆ ಎಂದು ಹೆಂಡತಿಗೆ ವರದಿ ಒಪ್ಪಿಸುವ ಯಂತ್ರವನ್ನು ನಾನೇ ಹಲ್ಲು ಕಿರಿಯುತ್ತ ಕೈ ಚಾಚಿ ಕಟ್ಟಿಸಿಕೊಂಡಿದ್ದೆ.

ಮೈಸೂರಿನಲ್ಲಿದ್ದಷ್ಟು ದಿನ ಅದು ಚೆನ್ನಾಗಿಯೇ ನಡೆಯಿತು. ಸ್ಟಾರ್ಟ್ ಆಗದ ಸ್ಕೂಟರನ್ನು ತಳ್ಳುವುದು, ಗ್ಯಾಸ್ ಸಿಲಿಂಡರ್ ಉರುಳಿಸುವುದು, ಸೊಳ್ಳೆ ಹೊಡೆಯುವುದು, ಹೀಗೆ ಕೈಗೆ ಏನಾದರೊಂದು ಕೆಲಸ ಇರುತ್ತಿತ್ತು. ಅಮೆರಿಕಕ್ಕೆ ಬಂದು ಡಲ್ಲಾಸಿನ ಪಕ್ಕದ ಊರು ರಿಚರ್ಡ್‌ಸನ್‌ನ ಟೆಲಿಕಾಂ ಕಂಪನಿಯೊಂದಕ್ಕೆ ಸೇರಿದ ಮೇಲೆ ತೊಂದರೆ ಶುರುವಾಯಿತು. ಅಲ್ಲಿ ಕಾರಿನ ಸ್ಟಿಯರಿಂಗ್ ಒಂದೇ ಬೆರಳಿಗೆ ತಿರುಗುತ್ತದೆ, ಅಂಗಡಿಯ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಆಫೀಸಿನಲ್ಲಿ ದಿನವಿಡೀ ಬೆರಳು ಆಡುತ್ತದೆಯೇ ಹೊರತು ಮಣಿಕಟ್ಟು ಕದಲುವುದಿಲ್ಲ. ಶನಿವಾರ ಭಾನುವಾರ ನಾನು ಸೋಫಾದ ಮೇಲೆ ಅನಂತಶಯನನಾದರೆ ಸೋಮವಾರ ಬೆಳಿಗ್ಗೆ ವಾಚೂ ಮಲಗಿರುತ್ತಿತ್ತು. ವಾಚು ಕೆಟ್ಟಿದೆ ಎಂದು ನಾನು ವಾದ ಹೂಡಿದೆ. ನನ್ನ ಹೆಂಡತಿ ಉಷಾ ಅದನ್ನು ತನ್ನ ಕೈಗೆ ಕಟ್ಟಿಕೊಂಡು ಒಂದು ವಾರ ಅಡಿಗೆ ಮಾಡಿ, ಬಟ್ಟೆ ಮಡಚಿ, ಆಫೀಸಿಗೂ ಹೋಗಿ, ಮಗಳ ತಲೆ ಬಾಚಿದಳು. ಒಂದು ಕ್ಷಣವೂ ನಿಲ್ಲಲಿಲ್ಲ ಆ ದ್ರೋಹಿ. ಈ ಸುದ್ದಿ ಫೋನಿನಲ್ಲಿ ಮೈಸೂರಿಗೂ ತಲುಪಿತು.

ನಮ್ಮ ಮಾವನವರು ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟು ನಿವೃತ್ತರಾದವರು. ರಾಜಮನೆತನಗಳೆಲ್ಲ ಮುಗಿದುಹೋದ ಮೇಲೆ ಅವರ ಅಭಿಮಾನಕ್ಕೆ ಉಳಿದದ್ದು ಈ ವಾಚಿನ ಕಂಪನಿಯ ಮನೆತನ ಒಂದೇ. ಹೆಸರು ಹೇಳಿದರೆ ಜಾಹೀರಾತಾದೀತು, ಬಿಡಿ. ವಾಚಿನ ಜೊತೆ ಬಂದ ಪುಸ್ತಿಕೆಯಿಂದಲೂ ಲೈಬ್ರರಿಯಿಂದಲೂ ಕಲೆಹಾಕಿ ಅವರು ಅದರ ಚರಿತ್ರೆಯನ್ನು ಸ್ಥಳಪುರಾಣದ ಧಾಟಿಯಲ್ಲಿ ಹೇಳುತ್ತಿದ್ದರು. ಹಿಮ ಬಿದ್ದು ಹೊಲ ಮುಚ್ಚಿಹೋಗುವ ಕಣಿವೆ. ಚಳಿಗಾಲವಿಡೀ ಕೆಲಸವಿಲ್ಲದ ರೈತರು ಕಿಟಕಿಯ ಬೆಳಕಿನಲ್ಲಿ ಕೂತು ಸಾಸಿವೆಯಷ್ಟು ಚಕ್ರಗಳನ್ನು ಅರದಲ್ಲಿ ಉಜ್ಜುವುದು. ಆ ಬಿಡಿಭಾಗಗಳನ್ನು ಮನೆಮನೆಯಿಂದ ಕೂಡಿಸಿ ಮೂಲಪುರುಷ ಮೊದಲ ವಾಚು ಮಾಡಿದ್ದು. ಆಮೇಲೆ ರೈಲು ಬಂತು, ಎಲ್ಲರಿಗೂ ಒಂದೇ ಸಮಯ ಬೇಕಾಯಿತು. ಆಮೇಲೆ ಮಹಾಯುದ್ಧ, ಅಲ್ಲಿಯವರೆಗೆ ಕೈಗಡಿಯಾರವೆಂದರೆ ಹೆಂಗಸರ ಒಡವೆ ಎನ್ನುತ್ತಿದ್ದ ಗಂಡಸರು ಕಂದಕದಲ್ಲಿ ಕೂತು ಜೇಬಿನ ಗಡಿಯಾರವನ್ನು ಮಣಿಕಟ್ಟಿಗೆ ತಂದರು. ಅಷ್ಟು ಹೇಳಿ, "ಹಾಗೆ ನಡ್ಕೊಂಡು ನಡ್ಕೊಂಡು ಬಂದು ನಮ್ಮ ಅಳಿಯಂದ್ರ ಕೈಲಿ ನಿಂತಿತು" ಎಂದು ಮುಗಿಸುತ್ತಿದ್ದರು. ಕೇಳಿದವರೆಲ್ಲ ನಗುತ್ತಿದ್ದರು, ನಮ್ಮತ್ತೆಯೂ ಸೇರಿದಂತೆ.

ಎರಡು ಸಾವಿರದ ಒಂದೆರಡರ ಸುಮಾರಿಗೆ ಟೆಲಿಕಾಂ ಕಂಪನಿಗಳು ಒಂದರ ಹಿಂದೊಂದು ಮುಗ್ಗರಿಸಿದವು. ನಮ್ಮದೂ ಮುಗ್ಗರಿಸಿತು. ಒಂದು ಶುಕ್ರವಾರ ನನ್ನ ಕಾಫಿ ಮಗ್ಗು, ಕುಟುಂಬದ ಫೋಟೋ, ಒಂದು ಪುಟ್ಟ ಗಣೇಶ ಎಲ್ಲ ಒಂದು ರಟ್ಟಿನ ಡಬ್ಬಿಯಲ್ಲಿ ಕೂತು ನನ್ನ ಜೊತೆ ಮನೆಗೆ ಬಂದವು. ಉಷಾಳ ಕೆಲಸವಿತ್ತು, ಗ್ರೀನ್ ಕಾರ್ಡೂ ಕೈಗೆ ಬಂದಿತ್ತು, ಹಾಗಾಗಿ ಊಟಕ್ಕೆ ತೊಂದರೆ ಇರಲಿಲ್ಲ. ತೊಂದರೆಯಿದ್ದದ್ದು ಮಾವನವರದು. ಅವರೂ ಅತ್ತೆಯೂ ನಮ್ಮಲ್ಲಿಗೆ ಹೊರಡಲು ಆಗಲೇ ಟಿಕೆಟ್ ಆಗಿತ್ತು. ಅಳಿಯನಿಗೆ ಕೆಲಸವಿಲ್ಲ ಎಂದು ತಿಳಿದರೆ ಅಪ್ಪನ ಬಿ.ಪಿ. ಏರುತ್ತದೆ, ಮಾರನೆಯ ವಿಮಾನಕ್ಕೇ ವಾಪಸ್ ಹೊರಟುನಿಂತಾರು ಎಂದು ಉಷಾ ಹೆದರಿದಳು. ನನಗೆ ಬಿ.ಪಿ.ಗಿಂತ ಹೆಚ್ಚಾಗಿ ನಾಚಿಕೆಯ ಚಿಂತೆ. ಮಗಳನ್ನು ಕೊಟ್ಟ ಮನುಷ್ಯನ ಎದುರು ಬೆಳಗಿನ ಹೊತ್ತು ಲುಂಗಿ ಉಟ್ಟು ಕೂರುವುದು ಹೇಗೆ? ಆದ್ದರಿಂದ ನಾನು ಎಂದಿನಂತೆ ಇಸ್ತ್ರಿ ಮಾಡಿದ ಶರ್ಟು ಹಾಕಿ, ಬ್ಯಾಗು ಹೆಗಲಿಗೇರಿಸಿ ಆಫೀಸಿಗೆ ಹೊರಡುವುದೆಂದು ತೀರ್ಮಾನವಾಯಿತು. ಮಗಳ ಬಗ್ಗೆ ಮಾತ್ರ ಸ್ವಲ್ಪ ಅಂಜಿಕೆಯಿತ್ತು. ಆದರೆ ತಾತ ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಗುಡುಗುಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಆ ಎರಡು ಭಾಷೆಗಳ ನಡುವಿನ ಸಂದಿಯಲ್ಲಿ ನಮ್ಮ ಗುಟ್ಟು ಭದ್ರವಾಗಿತ್ತು.

ಆಫೀಸು ಇಲ್ಲದವನು ಆಫೀಸಿನ ಹೊತ್ತು ಕಳೆಯುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಮಧ್ಯಾಹ್ನದ ಮೇಲೆ ಲೈಬ್ರರಿಯಲ್ಲಿ ಕೂತು ಕಂಡಕಂಡ ಕಂಪನಿಗೆ ಅರ್ಜಿ ಹಾಕುತ್ತಿದ್ದೆ. ಬೆಳಿಗ್ಗೆ ಮಾತ್ರ ಶಾಪಿಂಗ್ ಮಾಲು. ಡಲ್ಲಾಸಿನ ಬೇಸಿಗೆಯಲ್ಲಿ ಹೊರಗೆ ಕಾಲಿಟ್ಟರೆ ಹಪ್ಪಳವಾಗುತ್ತೇವೆ. ಅದಕ್ಕೇ ಅಲ್ಲಿನ ಮುದುಕ ಮುದುಕಿಯರು ಅಂಗಡಿಗಳು ತೆರೆಯುವ ಮೊದಲೇ ಬಿಳೀ ಶೂ ಹಾಕಿಕೊಂಡು ಎ.ಸಿ.ಯಲ್ಲಿ ಮಾಲಿನ ಪ್ರದಕ್ಷಿಣೆ ಹಾಕುತ್ತಾರೆ. ನಾನೂ ಅವರ ಹಿಂದೆ ಸೇರಿಕೊಂಡೆ. ಚಿಂತೆ ಹೆಚ್ಚಾದ ದಿನ ಕೈ ಬೀಸಿ ಬೀಸಿ ನಡೆಯುತ್ತಿದ್ದೆ. ದಾರಿಯಲ್ಲಿ ಒಂದು ವಾಚಿನ ಅಂಗಡಿ. ಅದರ ಗಾಜಿನ ಹಿಂದೆ ನನ್ನ ವಾಚಿನ ಸೋದರರು ಹಿಮಪರ್ವತದ ಚಿತ್ರದೆದುರು ಮಖಮಲ್ಲಿನ ಮೇಲೆ ಕೂತಿದ್ದರು. ಬೆಲೆಯ ಚೀಟಿ ಮಾತ್ರ ಎಲ್ಲೂ ಕಾಣಲಿಲ್ಲ. ಬೆಲೆ ಹೇಳಲು ನಾಚುವ ಅಂಗಡಿಯ ಸಾಮಾನನ್ನು ಒಬ್ಬ ಮೇಷ್ಟ್ರು ಅಳಿಯನಿಗೆಂದು ಕೊಂಡಿದ್ದರಲ್ಲ ಎಂದುಕೊಂಡು ವಾಚಿದ್ದ ಕೈಯನ್ನು ಜೇಬಿಗೆ ಇಳಿಸಿದೆ. ಅಂಥವರಿಗೆ ದಿನವೂ ಬೆಳಿಗ್ಗೆ "ಆಫೀಸಿಗೆ ಹೋಗ್ಬರ್ತೀನಿ ಮಾವ" ಎಂದು ಹೇಳಿ ಹೊರಡುತ್ತಿದ್ದೆ.

ಮಾವನವರು ಬಂದು ಮೂರ್ನಾಲ್ಕು ವಾರವಾಗಿತ್ತು. ಒಂದು ಸಂಜೆ ಕಾಫಿ ಕುಡಿಯುತ್ತ ಕೂತಿದ್ದಾಗ ನನ್ನ ಕೈಯಿಂದ ವಾಚು ಬಿಚ್ಚಿಸಿಕೊಂಡು ಕಿವಿಗೆ ಹಿಡಿದರು. ಬಹಳ ಹೊತ್ತು ಕೇಳಿದರು.

"ನಾವು ಬಂದಾಗಿಂದ ಇದು ಒಂದು ದಿನಾನೂ ನಿಂತಿಲ್ಲ, ಅಳಿಯಂದ್ರೇ."

ನಾನು ಹಿಗ್ಗಿದೆ. "ಎಂಥಾ ಕಂಪನಿ ಮಾವ ಅದು, ಸುಮ್ನೇನಾ?"

"ಕಂಪನಿ ವಿಷ್ಯ ಆಮೇಲೆ. ನಿಮ್ಮ ಕೆಲಸ ಹೋಗಿ ಎಷ್ಟು ದಿನ ಆಯ್ತು?"

ಚಕ್ಕುಲಿ ತಟ್ಟೆ ತರುತ್ತಿದ್ದ ಉಷಾ ಬಾಗಿಲಲ್ಲೇ ನಿಂತಳು. ನನಗೆ ಮೊದಲು ನಾಚಿಕೆಯಾಯಿತು, ಮರುಕ್ಷಣವೇ ಎಷ್ಟು ಹಗುರವಾಯಿತೆಂದರೆ ಎಲ್ಲವನ್ನೂ ಹೇಳಿಬಿಟ್ಟೆ, ಮಾಲು, ಬಿಳೀ ಶೂ ಎಲ್ಲ. ಕೂತು ಕೆಲಸ ಮಾಡುವವನ ಕೈಯಲ್ಲಿ ನಿಲ್ಲಲೇಬೇಕಾದ ವಾಚು ಹೀಗೆ ಓಡುತ್ತಿರುವುದನ್ನು ಕಂಡು ಅವರಿಗೆ ಎರಡನೆಯ ವಾರದಲ್ಲೇ ಅನುಮಾನ ಬಂದಿತ್ತಂತೆ. ಅವರ ಬಿ.ಪಿ. ಏರಿದ ಹಾಗೆ ಕಾಣಲಿಲ್ಲ. ಅವರೇ ಕೊಂಚ ಮುಜುಗರಪಟ್ಟುಕೊಂಡಂತೆ ಕೂತು, "ನಾನೂ ಒಂದು ಮುಚ್ಚಿಟ್ಟಿದೀನಿ" ಎಂದರು. ಬ್ಯಾಟರಿ ವಾಚು ಬಂದ ಕಾಲದಲ್ಲಿ ಅವರ ಆರಾಧ್ಯ ಕಂಪನಿ ಹೆಚ್ಚುಕಡಿಮೆ ಮುಳುಗಿಯೇ ಹೋಗಿತ್ತಂತೆ. ಅರ್ಧಕ್ಕರ್ಧ ಜನರನ್ನು ಮನೆಗೆ ಕಳಿಸಿದರು, ಕಡೆಗೆ ಕಂಪನಿಯನ್ನೇ ಬೇರೆಯವರಿಗೆ ಮಾರಿದರು. ಎಷ್ಟೋ ವರ್ಷದ ಮೇಲೆ ಜನಕ್ಕೆ ಮತ್ತೆ ಹಳೇ ವಾಚಿನ ಹುಚ್ಚು ಹಿಡಿದು ಅದು ಚೇತರಿಸಿಕೊಂಡಿತು. ಆ ಅಧ್ಯಾಯವನ್ನು ಮಾತ್ರ ಅವರು ಯಾರಿಗೂ ಹೇಳಿರಲಿಲ್ಲ.

"ಯಾಕೆ ಮಾವ?"

"ಮನೆ ಮರ್ಯಾದೆ ಅಲ್ವೇ" ಎಂದರು.

ಮಾರನೆಯ ದಿನದಿಂದ ಅವರೂ ಮಂಕಿ ಕ್ಯಾಪ್ ಹಾಕಿಕೊಂಡು ನನ್ನ ಜೊತೆ ಮಾಲಿಗೆ ಬಂದರು. ಎ.ಸಿ. ಅವರಿಗೆ ಆಗುತ್ತಿರಲಿಲ್ಲ. ಅಲ್ಲಿನ ಮುದುಕಿಯರನ್ನು ವಾಚಿನ ಅಂಗಡಿಯ ಮುಂದೆ ನಿಲ್ಲಿಸಿ, ತಮ್ಮ ಹೈಸ್ಕೂಲು ಇಂಗ್ಲಿಷಿನಲ್ಲಿ ಕಣಿವೆಯ ಕಥೆ ಶುರುಮಾಡುತ್ತಿದ್ದರು. ಮುಳುಗಿದ ಅಧ್ಯಾಯವನ್ನು ಈಗ ಬಿಡುತ್ತಿರಲಿಲ್ಲ. ಅದೇ ಎಲ್ಲಕ್ಕಿಂತ ಉದ್ದವಾಗುತ್ತಿತ್ತು.

ಅವರು ಮೈಸೂರಿಗೆ ಹಿಂತಿರುಗಿದ ಮೇಲೆ ನನಗೆ ಮೂರು ಗಂಟೆ ದಾರಿಯ ಆಸ್ಟಿನ್‌ನಲ್ಲಿ ಕೆಲಸ ಸಿಕ್ಕಿತು. ಆದರೆ ಒಮ್ಮೆ ಕೈಸುಟ್ಟುಕೊಂಡವನಲ್ಲವೇ, ಈ ಕೆಲಸ ಉಳಿಯುತ್ತದೋ ಇಲ್ಲವೋ ನೋಡಿ ಹೇಳೋಣವೆಂದು ಮೊದಲ ವಾರ ಯಾರಿಗೂ ತಿಳಿಸಲಿಲ್ಲ. ಆ ಭಾನುವಾರ ನಾನು ಮನೆಗೆ ಬಂದಿದ್ದಾಗ ಅವರೇ ಫೋನ್ ಮಾಡಿದರು. ಎತ್ತಿದವಳು ಉಷಾ. ಕುಶಲವೆಲ್ಲ ಆದ ಮೇಲೆ ವಾಚು ಹೇಗಿದೆ ಎಂದು ಕೇಳಿದರಂತೆ. ಮೊನ್ನೆಯಿಂದ ನಿಂತುಹೋಗಿದೆ ಎಂದು ಇವಳು ಹೇಳಿದ್ದೇ ತಡ, ಆ ಕಡೆಯಿಂದ ಮಾವನವರು ನಮ್ಮತ್ತೆಯನ್ನು ಕೂಗಿದ್ದು ನನಗೂ ಕೇಳಿಸಿತು: "ಲೇ, ದೇವರಿಗೆ ತುಪ್ಪದ ದೀಪ ಹಚ್ಚೇ, ಅಳಿಯಂದ್ರಿಗೆ ಕೆಲಸ ಸಿಕ್ತು!"

ಅಂದಿನಿಂದ ಇಂದಿನವರೆಗೆ ಆ ಮನೆಯಲ್ಲಿ ನನ್ನ ಆರೋಗ್ಯವನ್ನು ಯಾರೂ ವಿಚಾರಿಸುವುದಿಲ್ಲ, ವಾಚು ನಿಂತಿದೆಯೇ ಎಂದಷ್ಟೇ ಕೇಳುತ್ತಾರೆ. ಮೊನ್ನೆ ಡಾಕ್ಟರು ನನ್ನ ಹೊಟ್ಟೆಯನ್ನೂ ಕೊಲೆಸ್ಟರಾಲನ್ನೂ ನೋಡಿ, ದಿನವೂ ನಡೆಯದಿದ್ದರೆ ಆಗದು ಎಂದರು. ಉಷಾ ಹೊಸ ಶೂ ತಂದು ಬಾಗಿಲ ಬಳಿ ಇಟ್ಟಿದ್ದಾಳೆ. ವಾಚು ಬಿಚ್ಚಿಟ್ಟು ನಡೆಯಬಹುದಲ್ಲ ಎನ್ನುತ್ತಾಳೆ. ಮಾವ ಕಟ್ಟಿದ ವಾಚನ್ನು ಬಿಚ್ಚುವುದೇ? ಕಟ್ಟಿಕೊಂಡು ನಡೆದರೋ, ಅದು ಓಡತೊಡಗಿ, ಆ ಸುದ್ದಿ ಮೈಸೂರಿಗೆ ಮುಟ್ಟಿ, ಈ ವಯಸ್ಸಿನಲ್ಲಿ ಆ ಹಿರಿಯ ಜೀವ ಹೆದರಿಕೊಂಡರೆ ಯಾರು ಹೊಣೆ? ನನ್ನ ಆರೋಗ್ಯ ಹೇಗಾದರೂ ಹೋಗಲಿ, ಅವರ ನೆಮ್ಮದಿ ದೊಡ್ಡದು. ಹಾಗೆಂದು ನಾನು ಸೋಫಾದಿಂದಲೇ ಹೇಳಿದ್ದೇನೆ.