ಮಾವನ ಕೈಗೆ ಸಿಕ್ಕ ಕಂಪ್ಯೂಟರ್

ಹಳೇ ಕಾರಿಗೆ ಮರುಜೀವ ಕೊಟ್ಟವರಿದ್ದಾರೆ, ಹಳೇ ರೇಡಿಯೋ ಹಾಡಿಸಿದವರಿದ್ದಾರೆ. ಆದರೆ ಸಮಸ್ತ ನ್ಯಾಮತಿ ತಾಲೂಕಿನಲ್ಲಿ ಸತ್ತ ಕಂಪ್ಯೂಟರನ್ನು ಬದುಕಿಸಿದ ಮೊದಲ ಗಂಡು ನಾನೇ ಆಗಬೇಕೆಂದು ತೀರ್ಮಾನಿಸಿಬಿಟ್ಟೆ! ಇದಕ್ಕೆಲ್ಲ ಕಾರಣ ನನ್ನ ಮಾವ, ಬಿಳಿಚೋಡಿನ ಯರ್ರಿಸ್ವಾಮಿ. ಟ್ರ್ಯಾಕ್ಟರಿನ ಇಂಜಿನ್ನನ್ನೇ ಬಿಚ್ಚಿ ಜೋಡಿಸುವ ಆಸಾಮಿ. "ನಮ್ಮ ಅಳಿಯಂದ್ರಿಗೆ ಸೈಕಲ್ ಚೈನ್ ಹಾಕಾಕೂ ಬರಲ್ಲ" ಎಂದು ನೆಂಟರಿಷ್ಟರಿಗೆಲ್ಲ ಡಂಗುರ ಹೊಡೆದಿದ್ದರು. ಅವರ ಬಾಯಿಂದ ಒಂದೇ ಒಂದು 'ಭೇಷ್' ಹೊರಡಿಸದಿದ್ದರೆ ನಾನು ಇತಿಹಾಸದ ಮೇಷ್ಟ್ರಾಗಿದ್ದೂ ದಂಡ!

ಚನ್ನಗಿರಿಯಲ್ಲಿ ಬಾಗಿಲು ಹಾಕಿದ್ದ ಡಿಟಿಪಿ ಸೆಂಟರೊಂದರಿಂದ ಆ ಪುರಾತನ ಯಂತ್ರವನ್ನು ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದೆ. ಹೆಂಡತಿ ದುರ್ಗಾಂಬಿಕಾ ಬಾಗಿಲಲ್ಲೇ ತಡೆದಳು.

"ಏನ್ರೀ ಇದು?"

"ಇತಿಹಾಸ ಕಣೇ!"

"ಇತಿಹಾಸದ ತುಂಬಾ ಜೇಡ ಬಲೆ ಕಟ್ಟೈತಲ್ರೀ. ಆನ್ ಆಗ್ತೈತಾ?"

"ಆಯುಧ ಪೂಜೆ ದಿನ ಆನ್ ಮಾಡ್ತೀನಿ. ನಿಮ್ಮಪ್ಪನ್ನ ಕರಿ!"

"ಆಗ್ಲಿಲ್ಲ ಅಂದ್ರೆ ಮಾರನೇ ದಿನಾನೇ ಗುಜರಿಗೆ!"

ಜೀರ್ಣೋದ್ಧಾರ ಶುರುವಾಯಿತು. ಟೂತ್‌ಪೇಸ್ಟ್ ಹಾಕಿ ಪೆಟ್ಟಿಗೆಯನ್ನು ಫಳಫಳ ಹೊಳೆಯಿಸಿದೆ. ಕೀಬೋರ್ಡಿನ ಗುಂಡಿಗಳನ್ನೆಲ್ಲ ಕಿತ್ತು ತೊಳೆದೆ. ಯಾವುದು ಎಲ್ಲಿತ್ತೆಂಬುದು ಮರೆತುಹೋಗಿ, ಎಬಿಸಿಡಿ ಅನುಕ್ರಮದಲ್ಲೇ ಜೋಡಿಸಿದೆ. ನೋಡಲು ಬಹಳ ಶಿಸ್ತಾಗಿತ್ತು! ನಂತರ ಕುಲದೇವರನ್ನು ನೆನೆದು ಸ್ವಿಚ್ ಒತ್ತಿದೆ.

ಢಂ!

ನಮ್ಮ ಮನೆಯ ಜೊತೆಗೆ ಪಕ್ಕದ ಪೋರ್ಷನ್ನೂ ಕತ್ತಲಾಯಿತು. ಅಲ್ಲಿಂದ ನಿರ್ಮಲಮ್ಮ ಕೂಗಿದರು: "ಮೇಷ್ಟ್ರೇ! ಸೀರಿಯಲ್‌ನಾಗೆ ತಾಳಿ ಕಟ್ಟೋ ಟೈಮಿಗೇ ಕರೆಂಟ್ ತೆಗೆದ್ರಲ್ರೀ! ಈಗ ಅವನು ಕಟ್ಟಿದ್ನೋ ಇಲ್ವೋ?"

ಫ್ಯೂಸ್ ಹಾಕಿಸಿ, ಸುಟ್ಟ ವೈರು ಬದಲಿಸಿದ ಮೇಲೆ ಒಳಗಿನ ಫ್ಯಾನೇನೋ ತಿರುಗಿತು. ಪರದೆ ಮಾತ್ರ ಅಮಾವಾಸ್ಯೆ! ಒಳಗಿನ ಭಾಗಗಳನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ. ಆದ್ದರಿಂದ ಹೊರಗಿನಿಂದಲೇ ಉಜ್ಜಿದೆ, ಬೈದೆ, ಕೈಮುಗಿದೆ. ಅದು ಜಪ್ಪಯ್ಯ ಅನ್ನಲಿಲ್ಲ.

ಹಬ್ಬದ ಹಿಂದಿನ ದಿನ ಮಾವ ಬಂದರು. ನಾನು ಬೂದುಗುಂಬಳ ತರಲು ಸಂತೆಗೆ ಹೋಗಿ ಬರುವಷ್ಟರಲ್ಲಿ ಅಂಗಳದಲ್ಲಿ ಮಹಾಮಜ್ಜನ ನಡೆದಿತ್ತು. ಸ್ಕೂಟರ್, ಮಿಕ್ಸಿ ಜಾರು, ಕುಡುಗೋಲು, ಈಳಿಗೆಮಣೆ ಎಲ್ಲವೂ ಸ್ನಾನ ಮುಗಿಸಿ ಸಾಲಾಗಿ ಕೂತಿದ್ದವು. ಕೊನೆಯಲ್ಲಿ ಮುಚ್ಚಳ ಬಿಚ್ಚಿದ ನನ್ನ ಕಂಪ್ಯೂಟರ್ ಪೆಟ್ಟಿಗೆ! ಅದರೊಳಕ್ಕೆ ಮಾವ ಪೈಪಿನಿಂದ ನೀರು ಬಿಡುತ್ತಿದ್ದರು. ಶಾಂಪೂ ನೊರೆ ಉಕ್ಕುತ್ತಿತ್ತು.

"ಮಾವಾ!!"

"ಬರ್ರಿ ಅಳಿಯಂದ್ರೇ. ತೊಳೀದಂಗೆ ಪೂಜೆಗೆ ಹೆಂಗೆ ಇಡಾಕಾಗ್ತೈತೆ? ಒಳಗೆ ಎಷ್ಟು ಕುಂಕುಮ ಐತೆ ನೋಡ್ರಿ!"

ನಿಜ, ನೀರು ಕೆಂಪಗೆ ಹರಿಯುತ್ತಿತ್ತು. ಡಿಟಿಪಿ ಸೆಂಟರಿನ ಭಕ್ತರು ವರ್ಷವರ್ಷವೂ ಆಯುಧ ಪೂಜೆಗೆ ಸಂದುಸಂದಿನಲ್ಲೂ ಕುಂಕುಮ, ಅಕ್ಷತೆ ಸುರಿದಿದ್ದರು! ನನಗೆ ಅಳುವೇ ಬಂತು. ದುರ್ಗಾಂಬಿಕಾ ತಣ್ಣಗೆ, "ಗುಜರಿಯವನಿಗೆ ತೂಕ ಜಾಸ್ತಿ ಬರ್ತೈತೆ ಬಿಡ್ರಿ" ಎಂದಳು.

ಆ ದಿನ ಉಳಿದ ಬಿಸಿಲು, ಮರುದಿನದ ಪೂರಾ ಬಿಸಿಲು, ತಾರಸಿಯ ಮೇಲೆ ಸಂಡಿಗೆಯ ಪಕ್ಕದಲ್ಲಿ ಅದು ಒಣಗಿತು. ಸಂಜೆ ಪೂಜೆಯಾಯಿತು. ಮಾವ ನಿಂಬೆಹಣ್ಣು ತುಳಿದು, "ಒತ್ರಿ" ಎಂದರು. ಕಣ್ಣು ಮುಚ್ಚಿ ಒತ್ತಿದೆ.

ಬೀಪ್!

ಪರದೆಯ ಮೇಲೆ ಅಕ್ಷರಗಳು! ನಾನು ಕುಣಿದೇಬಿಟ್ಟೆ! ಪೂಜೆಗೆ ಬಂದಿದ್ದ ನಿರ್ಮಲಮ್ಮ ಚಪ್ಪಾಳೆ ತಟ್ಟಿದರು. ಎದೆಯುಬ್ಬಿಸಿ ಮಾವನ ಕಡೆ ತಿರುಗಿದೆ.

"ಭೇಷ್!" ಎಂದರು ಮಾವ, ಖಾಲಿ ಶಾಂಪೂ ಪ್ಯಾಕೆಟ್ಟನ್ನು ಎತ್ತಿ ಹಿಡಿದು. "ನಮ್ಮ ಟ್ರ್ಯಾಕ್ಟರಿಗೂ ಇದನ್ನೇ ಹಾಕೋದು!"

ಹೋಗುತ್ತಿದ್ದ ಮಾನವನ್ನು ಹಿಡಿದುಕೊಳ್ಳಲು ನಾನು ಅವಸರದಿಂದ, "ನೋಡ್ರಿ ಮಾವ, ತಾರೀಖೂ ತೋರಿಸ್ತೈತೆ" ಎಂದೆ. ಅವರು ಕನ್ನಡಕ ಏರಿಸಿ ಓದಿದರು.

"ಜನವರಿ ಒಂದು, ಸಾವಿರದ ಒಂಬೈನೂರ ಎಂಬತ್ತಾ?"

"ಒಳಗಿನ ಸೆಲ್ ಹೋಗೈತೆ ಮಾವ. ಇದರ ಲೆಕ್ಕದಾಗೆ ಈಗಿನ್ನೂ ಎಂಬತ್ತನೇ ಇಸವಿ."

ಮಾವನ ಮುಖ ಅರಳಿತು. ಮಗಳ ತಲೆ ನೇವರಿಸಿ ಹೇಳಿದರು:

"ಹಂಗಾರೆ ನಿನ್ನ ಮದುವೆ ಇನ್ನೂ ಆಗಿಲ್ಲ ಬಿಡವ್ವಾ! ಬೇಕಾದಷ್ಟು ಟೈಮ್ ಐತೆ. ಈ ಸಲ ನಾಕು ಕಡೆ ವಿಚಾರಿಸಿ ಗಂಡು ನೋಡಾಣ!"