ಫ್ಯಾನ್ ಬೇಡದ ಕಂಪ್ಯೂಟರ್

ಬೆಳಗಿನ ಸಭೆಯಲ್ಲಿ "ಗೊತ್ತಿಲ್ಲ ಯಜಮಾನ್ರೇ" ಎಂದುಬಿಟ್ಟಿದ್ದರೆ ಲಾಯ್‌ನ ದಿನ ಎಂದಿನ ಹಾಗೆ ಬೈಗುಳ ತಿಂದು ಮುಗಿಯುತ್ತಿತ್ತು. ಆದರೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಅಡ್ಡ ನಿಂತಿತು.

ತೈಪೆಯ ಅಂಚಿನ ವುಗು ಕೈಗಾರಿಕಾ ಪ್ರದೇಶದಲ್ಲಿ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಕೂರುವ ಪುಟ್ಟ ಫ್ಯಾನುಗಳನ್ನು ಮಾಡುವ ಕಂಪನಿ ಅದು. ಬ್ರಾಂಟನ್ ಎಂಬ ಅಮೆರಿಕದ ಕಂಪ್ಯೂಟರ್ ಕಂಪನಿ ಅವರ ದೊಡ್ಡ ಗಿರಾಕಿ. ಆ ಗಿರಾಕಿಯ ಮರ್ಜಿ ಹಿಡಿಯುವುದು ಲಾಯ್‌ನ ಕೆಲಸ. ಚೀನೀ ಹೊಸವರ್ಷ ಕಳೆದ ಮೇಲೆ ಅಲ್ಲಿಂದ ಒಂದೇ ಒಂದು ಆರ್ಡರೂ ಬಂದಿರಲಿಲ್ಲ.

"ಯಾಕೆ ಬಂದಿಲ್ಲ ಅಂತ ಇವತ್ತು ಹೇಳ್ಬೇಕು," ಎಂದರು ಯಜಮಾನ ತಾಂಗ್. "ಇಲ್ಲಾಂದ್ರೆ ಪಿಂಗ್‌ತುಂಗ್ ಗೋದಾಮಿಗೆ ಒಬ್ಬ ಆಳು ಬೇಕಂತೆ. ಹೋಗಿ ಪೆಟ್ಟಿಗೆ ಕಾಯ್ತಾ ಕೂತ್ಕೋ."

ಪಿಂಗ್‌ತುಂಗ್ ಎಂದರೆ ದ್ವೀಪದ ಇನ್ನೊಂದು ತುದಿ. ಲಾಯ್‌ನ ಹೆಂಡತಿಗೆ ಆಸ್ಪತ್ರೆಯಲ್ಲಿ ಸಂಜೆ ಪಾಳಿ. ಏಳು ವರ್ಷದ ಮಗಳು ರುಯಿಯನ್ನು ಟ್ಯೂಷನ್ನಿನಿಂದ ಕರೆತಂದು, ಉಣ್ಣಿಸಿ, ಮಲಗಿಸುವವನು ಅವನೇ. ಗಿರಾಕಿಗಳು ಸಂಜೆ ಊಟಕ್ಕೆ ಕರೆದಾಗೆಲ್ಲ ಅವನು ಏನಾದರೊಂದು ನೆಪ ಹೇಳಿ ಸ್ಕೂಟರ್ ಹತ್ತುತ್ತಿದ್ದುದೂ ಇದೇ ಕಾರಣಕ್ಕೆ. ಈಗ ಹೊಸ ನೆಪವೊಂದು ಬೇಕಾಗಿತ್ತು. ಬಾಯಿ ತಾನಾಗಿ ತೆರೆದುಕೊಂಡಿತು.

"ಬ್ರಾಂಟನ್‌ನೋರು ಪ್ರೊಸೆಸರನ್ನೇ ಬದಲಾಯಿಸ್ತಿದಾರೆ ಯಜಮಾನ್ರೇ. ಇಷ್ಟು ವರ್ಷ ಇಟ್ಕೊಂಡಿದ್ದ ಜಾತಿ ಬಿಟ್ಟು ಮೊಬೈಲ್ ಫೋನಿಂದು ಇರುತ್ತಲ್ಲ, ಆ ಜಾತಿಗೆ ಹೋಗ್ತಿದಾರೆ. ಅದು ಬಿಸಿನೇ ಆಗಲ್ಲ. ಬಿಸಿ ಆಗದೇ ಇರೋದಕ್ಕೆ ಫ್ಯಾನ್ ಯಾಕೆ?"

ತಾಂಗ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇವತ್ತು ಮೂರು ಗಂಟೆಗೆ ಕಂಪ್ಯೂಟರ್ ಪ್ರದರ್ಶನದಲ್ಲಿ ಅವ್ರ ಹೊಸ ಯಂತ್ರ ಬಿಡುಗಡೆ ಅಲ್ವಾ?"

ಅದು ಲಾಯ್‌ಗೆ ಮರೆತೇ ಹೋಗಿತ್ತು. ಸುಳ್ಳಿನ ಆಯಸ್ಸು ಮಧ್ಯಾಹ್ನದ ತನಕ ಮಾತ್ರ ಎಂದಾಯಿತು. "ಹೌದು," ಎಂದ, "ಅಲ್ಲೇ ಹೇಳ್ತಾರೆ."

ಹೊರಗೆ ಬಂದಾಗ ಲೆಕ್ಕ ನೋಡುವ ಶುಚಿನ್ ಬೆನ್ನು ಹತ್ತಿದಳು. ಅವಳ ಕಿವಿಗೆ ಬಿದ್ದದ್ದು ಒಂದು ಬಕೆಟ್ ನೀರು ಚೆಲ್ಲಿದ ಹಾಗೆ, ಎಲ್ಲ ಮೂಲೆಗೂ ಹರಿಯುತ್ತಿತ್ತು.

"ಲಾಯಣ್ಣ, ನಿಮ್ಗೆ ಯಾವಾಗಿಂದ ಗೊತ್ತು ಇದು?"

"ಹೊಸವರ್ಷದ ಹೊತ್ತಿಗೇ ಗೊತ್ತಿತ್ತು," ಎಂದ ಲಾಯ್. ಒಂದು ಸುಳ್ಳಿಗೆ ಜೊತೆಗಿರಲಿ ಎಂದು ಇನ್ನೊಂದು.

"ಅಬ್ಬಾ! ಹೊಟ್ಟೇಲಿ ಎಷ್ಟು ದಿನ ಇಟ್ಕೊಂಡಿದ್ರಿ! ನಾನಾಗಿದ್ರೆ ಸತ್ತೇ ಹೋಗ್ತಿದ್ದೆ."

ಸುದ್ದಿ ಮೆಟ್ಟಿಲು ಇಳಿದು, ಕಟ್ಟಡದ ಕೆಳಗೆ ಊಟದ ಡಬ್ಬಿ ಮಾರುವ ಬಿಯುನ್ ಅಕ್ಕನ ಅಂಗಡಿಗೆ ಅವನಿಗಿಂತ ಮುಂಚೆ ಹೋಗಿ ಕೂತಿತ್ತು. ಬಿಯುನ್ ಅಕ್ಕ ಒಂದು ಕೈಯಲ್ಲಿ ಕೋಳಿಕಾಲು ಕರಿಯುತ್ತ ಇನ್ನೊಂದು ಕೈಯಲ್ಲಿ ಷೇರು ವ್ಯಾಪಾರ ಮಾಡುವ ಹೆಂಗಸು. ಎದುರು ಬೀದಿಯ ಚೀಶಾನ್ ಎಂಬ ಇನ್ನೊಂದು ಫ್ಯಾನ್ ಕಂಪನಿಯ ಷೇರುಗಳನ್ನು ಮಗನ ಮದುವೆಗೆಂದು ಕೂಡಿಟ್ಟಿದ್ದಳು.

"ಏನೋ ಲಾಯ್, ಇನ್ಮೇಲೆ ಪ್ರಪಂಚಕ್ಕೆ ಫ್ಯಾನೇ ಬೇಡ್ವಂತೆ? ಚೀಶಾನ್ ಮಾರಿಬಿಡ್ಲಾ?"

"ಅಕ್ಕಾ, ನಾನು ಹಾಗೆ ಹೇಳಿಲ್ಲ..."

"ಹೇಳಲ್ಲ ಬಿಡು, ದೊಡ್ಡ ವಿಷಯ ಗೊತ್ತಿರೋರು ಯಾರೂ ಬಾಯ್ಬಿಟ್ಟು ಹೇಳಲ್ಲ!" ಅನ್ನದ ಮೇಲೆ ಒಂದು ಮೊಟ್ಟೆ ಹೆಚ್ಚಿಗೆ ಇಟ್ಟು ಡಬ್ಬಿ ಮುಚ್ಚಿದಳು. ಅವನು ತಿರುಗುವಷ್ಟರಲ್ಲಿ ಷೇರೂ ಮಾರಿದ್ದಾಯಿತು, ಸುದ್ದಿ ಜಾಲತಾಣದಲ್ಲಿ ಕೆಲಸ ಮಾಡುವ ಅವಳ ಅಕ್ಕನ ಮಗನಿಗೆ ಫೋನೂ ಹೋಗಿಯಾಯಿತು.

ಲಾಯ್ ಮೊಟ್ಟೆಯನ್ನು ಅರ್ಧ ಕಚ್ಚಿದ್ದ. ಕೈಯಲ್ಲಿದ್ದ ಫೋನಿನ ಮೇಲೆ ತಾಜಾ ಸುದ್ದಿ ಮಿನುಗಿತು. 'ಬ್ರಾಂಟನ್ ಹಳೇ ಪ್ರೊಸೆಸರ್ ಕೈಬಿಡಲಿದೆ. ಬಿಡಿಭಾಗ ಪೂರೈಸುವವರ ವಲಯದಿಂದ ಖಚಿತ ಮಾಹಿತಿ.'

ಅವನ ಎದೆಯ ಮೇಲಿಂದ ಹೊರೆಯೊಂದು ಇಳಿದ ಹಾಗಾಯಿತು. ಸದ್ಯ, ಬೇರೆ ಯಾರೋ ತಿಳಿದವರೂ ಇದನ್ನೇ ಹೇಳುತ್ತಿದ್ದಾರೆ! ನಾನು ಸುಳ್ಳು ಹೇಳಿದೆ ಎಂದುಕೊಂಡಿದ್ದೆ, ಒಳಗಿನ ಅನುಭವವೇ ಮಾತಾಡಿರಬೇಕು ಅನಿಸಿತು. ಉಳಿದರ್ಧ ಮೊಟ್ಟೆಯನ್ನು ನೆಮ್ಮದಿಯಿಂದ ತಿಂದ. ಆ ತಿಳಿದವರು ತಾನೇ ಎಂದು ಹೊಳೆದದ್ದು ಆಮೇಲೆ, ಕೈ ತೊಳೆಯುವಾಗ.

ಮಧ್ಯಾಹ್ನ ಫ್ಯಾನು ಜೋಡಿಸುವ ಸಾಲಿನ ಮುಂದೆ ಹಾಯುವಾಗ ಅವನು ತಲೆ ತಗ್ಗಿಸಿ ನಡೆದ. ರೆಕ್ಕೆಗಳು ಓಲಾಡದ ಹಾಗೆ ಸರಿಮಾಡುವ ಮೇಜಿನಲ್ಲಿ ವಯಸ್ಸಾದ ಹೆಂಗಸೊಬ್ಬಳು ಕೂತಿದ್ದಳು. ಬೆರಳ ತುದಿಯಲ್ಲಿದ್ದ ಫ್ಯಾನನ್ನು ಊದಿ ತಿರುಗಿಸಿ, "ಇನ್ನು ಇದು ಬೇಡ್ವಂತಲ್ಲ ಲಾಯಣ್ಣ?" ಎಂದಳು. ಕೋಪವಿರಲಿಲ್ಲ. ಮಳೆ ಬರುತ್ತಾ ಎಂದು ಕೇಳುವ ಧಾಟಿ. ಲಾಯ್ ಬಾಯಿಗೆ ಬಂದದ್ದನ್ನು ಹೇಳಿದ್ದು ತನ್ನ ಕುರ್ಚಿ ಉಳಿಸಿಕೊಳ್ಳಲು. ಅದು ಇಷ್ಟು ಮೇಜುಗಳನ್ನು ಅಲುಗಿಸೀತೆಂದು ಅವನಿಗೆ ತೋಚಿರಲಿಲ್ಲ. ಹೋಗಿ ನಿಜ ಹೇಳಿಬಿಡೋಣ ಎಂದು ಯಜಮಾನರ ಕೋಣೆಗೆ ನಡೆದ.

ತಾಂಗ್ ಫೋನಿನಲ್ಲಿದ್ದರು. "ಫ್ಯಾನ್ ಜೋಡಿಸೋ ಅರ್ಧ ಸಾಲು ಮಾರ್ತೀನಪ್ಪಾ, ಬೆಲೆ ಹೇಳು... ಆಮೇಲೆ ಮಾಡ್ತೀನಿ." ಫೋನು ಇಟ್ಟು ಎದ್ದು ಬಂದು ಲಾಯ್‌ನ ಭುಜ ಹಿಡಿದರು. "ಇಂಥೋನ್ನ ಪಿಂಗ್‌ತುಂಗ್‌ಗೆ ಕಳಿಸ್ತೀನಿ ಅಂದ್ನಲ್ಲ, ನನ್ನ ಬುದ್ಧಿಗಿಷ್ಟು! ಏನೋ ಹೇಳೋಕೆ ಬಂದೆ?"

"ಏನಿಲ್ಲ," ಎಂದ ಲಾಯ್.

ಮೂರು ಗಂಟೆಗೆ ಇಡೀ ಕಚೇರಿ ಗೋಡೆಯ ಟಿವಿಯ ಮುಂದೆ ಸೇರಿತು. ಬಿಯುನ್ ಅಕ್ಕ ಏಪ್ರನ್ ಸಮೇತ ಮೇಲೆ ಬಂದಿದ್ದಳು. ಲಾಯ್ ಬಾಗಿಲ ಹತ್ತಿರ, ಓಡಲು ಅನುಕೂಲವಾಗುವ ಹಾಗೆ ನಿಂತ. ವೇದಿಕೆಯ ಮೇಲೆ ಬ್ರಾಂಟನ್‌ನ ಬೆಳ್ಳಿಕೂದಲ ಮನುಷ್ಯ ಬಹಳ ಹೊತ್ತು ಭವಿಷ್ಯ, ಧೈರ್ಯ ಎಂದೆಲ್ಲ ಹೇಳಿ, ಕೊನೆಗೆ ಕೈ ಎತ್ತಿದ.

"ನಾವು ನಮ್ಮ ಹಳೆಯ ಪ್ರೊಸೆಸರ್‌ಗಳಿಗೆ ವಿದಾಯ ಹೇಳುತ್ತಿದ್ದೇವೆ. ಇನ್ನು ಮುಂದೆ ನಿಮ್ಮ ಮೊಬೈಲಿನಲ್ಲಿರುವ ಬಗೆಯ ಪ್ರೊಸೆಸರೇ ನಮ್ಮ ಎಲ್ಲ ಕಂಪ್ಯೂಟರ್‌ಗಳಲ್ಲೂ!"

ಕಚೇರಿಯಲ್ಲಿ ಪಟಾಕಿ ಸಿಡಿದಂಥ ಗದ್ದಲ. ಶುಚಿನ್ ಲಾಯ್‌ನ ತೋಳು ಹಿಡಿದು ಕುಣಿದಳು. "ದೇವ್ರಂಥ ಮನುಷ್ಯ!" ಎಂದಳು ಬಿಯುನ್ ಅಕ್ಕ. "ಎಲ್ಲರಿಗೂ ಹಾಲಿನ ಚಹಾ ತರಿಸ್ರೋ, ಲಾಯ್‌ಗೆ ದೊಡ್ಡ ಲೋಟ!" ಎಂದರು ತಾಂಗ್. ಲಾಯ್ ಗೋಡೆಗೆ ಒರಗಿದ. ನೆಪಕ್ಕೆಂದು ಹೇಳಿದ ಮಾತನ್ನು ಜಗತ್ತೇ ಎದ್ದು ನಿಂತು ನಿಜ ಮಾಡಿಕೊಟ್ಟಿತ್ತು. ಕಣ್ಣು ತೇವವಾಯಿತು.

ಅಷ್ಟರಲ್ಲಿ ತೆರೆಯ ಮೇಲೆ ಹೊಸ ಯಂತ್ರ ಪದರ ಪದರವಾಗಿ ಬಿಚ್ಚಿಕೊಂಡಿತು. ಮುಚ್ಚಳ ಮೇಲೆ ತೇಲಿತು, ಕೀಲಿಮಣೆ ತೇಲಿತು, ಉಗುರಿನಷ್ಟು ಪ್ರೊಸೆಸರ್ ಹೊಳೆಯಿತು. ಅದರ ಪಕ್ಕದಲ್ಲಿ, ಮದುಮಗನ ಪಕ್ಕ ಕೂತ ಮದುಮಗಳ ಹಾಗೆ, ಒಂದು ಫ್ಯಾನು.

ತಿರುಗುತ್ತಿತ್ತು.

"ಹೊಸ ಪ್ರೊಸೆಸರ್ ಎಷ್ಟು ಬಲಶಾಲಿ ಎಂದರೆ," ಎನ್ನುತ್ತಿದ್ದ ಬೆಳ್ಳಿಕೂದಲಿನವನು, "ಅದಕ್ಕೆ ತಕ್ಕ ಅತ್ಯುತ್ತಮ ಫ್ಯಾನನ್ನೇ ಆರಿಸಿದ್ದೇವೆ."

ಕೊಕ್ಕೆಯ ಹಾಗೆ ತುದಿ ಬಾಗಿದ ರೆಕ್ಕೆಗಳು. ಈ ಕಸುಬಿನವರು ರೆಕ್ಕೆ ನೋಡಿ ಮನೆತನ ಹೇಳುತ್ತಾರೆ.

"ಚೀಶಾನ್‌ದು," ಎಂದರು ತಾಂಗ್ ಮೆಲ್ಲಗೆ.

"ನನ್ನ ಷೇರು!" ಎಂದು ಚೀರಿದ ಬಿಯುನ್ ಅಕ್ಕ ದಡದಡ ಮೆಟ್ಟಿಲು ಇಳಿದಳು.

ತಾಂಗ್ ನಿಧಾನವಾಗಿ ತಿರುಗಿದರು. "ಲಾಯ್. ಪ್ರೊಸೆಸರ್ ಬದಲಾಗೋದು ನಿಂಗೆ ಯಾವಾಗಿಂದ ಗೊತ್ತಿತ್ತು?"

ಲಾಯ್‌ಗೆ ಎರಡು ದಾರಿ ಕಂಡವು. ಗೊತ್ತಿರಲಿಲ್ಲ ಎಂದರೆ ಸುಳ್ಳುಗಾರ. ಗೊತ್ತಿತ್ತು ಎಂದರೆ ಅದಕ್ಕಿಂತ ಕಷ್ಟ. ಯಾವುದನ್ನು ಹಿಡಿಯಲಿ ಎಂದು ತೂಗುತ್ತಿರುವಾಗ ಶುಚಿನ್ ಹೆಮ್ಮೆಯಿಂದ ಮುಂದೆ ಬಂದಳು.

"ಹೊಸವರ್ಷದ ಹೊತ್ತಿಗೇ ಗೊತ್ತಿತ್ತಂತೆ ಯಜಮಾನ್ರೇ! ಪ್ರಪಂಚದಲ್ಲಿ ಎಲ್ರಿಗಿಂತ ಮುಂಚೆ!"

"ಓಹೋ," ಎಂದರು ತಾಂಗ್. "ಹೊಸ ಯಂತ್ರ ಬರುತ್ತೆ ಅಂತ ಎಲ್ರಿಗಿಂತ ಮುಂಚೆ ಗೊತ್ತಿತ್ತು. ಹೋಗಿ ಆರ್ಡರ್ ಕೊಡಿ ಅಂತ ಕೇಳೋಕೆ ಮಾತ್ರ ಚೀಶಾನ್‌ನೋರೇ ಆಗ್ಬೇಕಾಯ್ತು." ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. "ದಡ್ಡ ಆಗಿದ್ರೆ ಇಟ್ಕೊಳ್ತಿದ್ದೆ ಕಣಪ್ಪಾ. ಇಷ್ಟು ಬುದ್ಧಿವಂತನ್ನ ಹ್ಯಾಗಿಟ್ಕೊಳ್ಲಿ? ಇವತ್ತು ರಾತ್ರಿ ಸಾಮಾನು ಕಟ್ಕೋ. ಪಿಂಗ್‌ತುಂಗ್‌ನಲ್ಲಿ ಸೆಕೆ ಜಾಸ್ತಿ, ಆದ್ರೆ ಮಾರದ ಫ್ಯಾನು ಬೇಕಾದಷ್ಟಿದೆ."

ಹಾಲಿನ ಚಹಾ ಬಂತು. ದೊಡ್ಡ ಲೋಟವನ್ನು ಯಾರೂ ಮುಟ್ಟಲಿಲ್ಲ.

ಸಂಜೆ ಟ್ಯೂಷನ್ನಿನ ಬಾಗಿಲಲ್ಲಿ ರುಯಿ ಚೀಲ ಎಸೆದು ಓಡಿ ಬಂದಳು. "ಅಪ್ಪಾ! ನೀನು ಹೇಳಿದ್ದೆಲ್ಲ ನಿಜ ಆಯ್ತಂತೆ? ಬಿಯುನ್ ಅತ್ತೆ ಅವ್ರ ಫ್ರೆಂಡ್ ನಮ್ಮ ಟೀಚರ್‌ಗೆ ಫೋನ್ ಮಾಡಿ ಅಳ್ತಾ ಹೇಳಿದ್ರು."

"ಹೂಂ, ಆಯ್ತು."

"ಹಾಗಾದ್ರೆ ನಾಳೆ ನನ್ನ ಕರ್ಕೊಂಡು ಹೋಗೋಕೆ ಯಾರು ಬರ್ತಾರೆ, ಹೇಳು ನೋಡೋಣ?"

ಲಾಯ್ ಬಗ್ಗಿ ಅವಳ ಹೆಲ್ಮೆಟ್ಟಿನ ಪಟ್ಟಿ ಸರಿಮಾಡತೊಡಗಿದ. ಅದು ಸರಿಯಾಗಿಯೇ ಇತ್ತು. ಆದರೂ ಬಹಳ ಹೊತ್ತು ಸರಿಮಾಡುತ್ತಲೇ ಇದ್ದ.