ಕೈಕಟ್ಟಿ ನಿಲ್ಲಲು ಇಂಗ್ಲೆಂಡಿಗೆ

ನನಗೆ ಸಿಟ್ಟು ಬರುವುದು ಕಡಿಮೆ. ಬೈಲಹೊಂಗಲದಲ್ಲಿ ಪಾತ್ರೆ-ಭಾಂಡೆ ಅಂಗಡಿ ಇಟ್ಟವನಿಗೆ ಸಿಟ್ಟು ಬಂದರೆ ನಡೆಯುವುದೂ ಇಲ್ಲ. ಗಿರಾಕಿ ಕೊಡವನ್ನು ತಿರುತಿರುಗಿಸಿ ಬಾರಿಸಿ ನೋಡಿ, 'ಸಪ್ಪಳ ಛಲೋ ಇಲ್ಲರಿ' ಎಂದು ಹೊರಟುಹೋದರೂ ನಗುತ್ತಿರಬೇಕು. ಆದರೆ ತಾಳ್ಮೆಗೂ ಮಿತಿಯಿದೆ. ನನ್ನದು ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಮುಗಿಯಿತು.

ಮಗಳು ಶ್ವೇತಾ ಡಾಕ್ಟರಿ ಓದುತ್ತಿದ್ದಾಳೆ. ಒಂದು ತಿಂಗಳು ಅಲ್ಲಿ ಕಲಿತು ಬರಲು ಕಾಲೇಜಿನಿಂದ ಆಯ್ಕೆಯಾದಳು. ಕೇಳಿದವರಿಗೆಲ್ಲ ಹೇಳಿದೆ, ಕೇಳದವರಿಗೆ ಇನ್ನೂ ವಿವರವಾಗಿ ಹೇಳಿದೆ. ಕಿತ್ತೂರಿನಿಂದ ಕುಕ್ಕರಿನ ರಬ್ಬರು ಕೊಳ್ಳಲು ಬಂದವರೊಬ್ಬರು, ಆಪರೇಷನ್ನನ್ನೂ ಕಲಿಸುತ್ತಾರೇನು ಎಂದರು. ಮತ್ತೇನು, ಕಸ ಹೊಡೆಯಲು ಅಷ್ಟು ದೂರ ಕರೆಯುತ್ತಾರೆಯೇ ಎಂದುಬಿಟ್ಟೆ. ಆಮೇಲೆ ಮಗಳ ಫೋನು ಬಂತು. ರೋಗಿಯನ್ನು ಮುಟ್ಟುವ ಹಾಗಿಲ್ಲವಂತೆ. ಡಾಕ್ಟರ ಹಿಂದೆ ಕೈಕಟ್ಟಿ ನಿಂತು ನೋಡಬೇಕಂತೆ, ಅದೂ ರೋಗಿ ಒಪ್ಪಿದರೆ. ಮೊಣಕಾಲು ನೋವಿನ ಅಜ್ಜಿಯೊಬ್ಬಳು ಬೇಡವೆಂದದ್ದಕ್ಕೆ ನನ್ನ ಮಗಳು ಬಾಗಿಲ ಹೊರಗೆ ನಿಂತಳಂತೆ. ಮೈ ಉರಿಯಿತು. ಹೊರಗೆ ನಿಲ್ಲುವುದನ್ನು ಕಲಿಯಲು ವಿಮಾನ ಹತ್ತಬೇಕೆ? ಹೆಂಡತಿ ಮಾತ್ರ ಶಾಂತವಾಗಿ, "ಕಾಲು ಆಕೀದು. ನಿಮಗ್ಯಾಕ ಸಂಕಟ?" ಎಂದಳು.

ಅದೇ ಸುಮಾರಿಗೆ ಹೆಂಡತಿಯ ತವರು ಸುರೇಬಾನದಲ್ಲಿ ಆರೋಗ್ಯ ಶಿಬಿರ ನಡೆಯಿತು. ಹಳ್ಳಿಯ ಆರೋಗ್ಯ ಕಲಿಯಲು ಪರದೇಶದ ವಿದ್ಯಾರ್ಥಿಗಳು ಬಂದಿದ್ದರು. ಅವರೂ ಸ್ವಲ್ಪ ದಿನದ ಅತಿಥಿಗಳೇ. ಆದರೆ ಒಬ್ಬರೂ ಕೈಕಟ್ಟಿ ನಿಂತಿರಲಿಲ್ಲ. ರಕ್ತದಲ್ಲಿನ ಸಕ್ಕರೆ ನೋಡಿಸಲು ಹೋದ ನನಗೆ ಶಿಬಿರದವರು ಅಂಗಿಯ ತೋಳು ಏರಿಸಲು ಹೇಳಿದರು, ಅಷ್ಟೆ. ಬಂಗಾರದ ಕೂದಲಿನ ಹುಡುಗಿ ಸೂಜಿ ಹಿಡಿದು ಬಂದಳು. ಮೊದಲು ಚುಚ್ಚಿದಾಗ ನರ ಸಿಗಲಿಲ್ಲ. ಮತ್ತೆ ಚುಚ್ಚಿದಾಗ ಸಿಕ್ಕಂತೆ ಮಾಡಿ ಜಾರಿಕೊಂಡಿತು. ಪಾಪ, 'ಸಾರಿ' ಎಂದಳು. ನಾನು ಕಣ್ಣಲ್ಲಿ ನೀರು ತುಂಬಿಕೊಂಡು 'ನೋ ಪ್ರಾಬ್ಲೆಮ್' ಎನ್ನುತ್ತ ಇನ್ನೊಂದು ತೋಳನ್ನೂ ಚಾಚಿದೆ.

ಊರಿಗೆ ಮರಳಿದ ಮಗಳು ನನ್ನ ತೋಳಿನ ಕಂದು ಕಲೆ ನೋಡಿ ಕಥೆಯೆಲ್ಲ ಕೇಳಿದಳು. ಮುಖ ಕೆಂಪಾಯಿತು.

"ಅಪ್ಪಾ, ಆಕಿ ಇನ್ನೂ ಕಲಿಯಾಕಿ. ಚುಚ್ಚಲೇನು ಅಂತ ನಿಮ್ಮನ್ನ ಯಾರರೆ ಕೇಳಿದ್ರೇನು?"

ಯಾರೂ ಕೇಳಿರಲಿಲ್ಲ. ಕೇಳಬೇಕೆಂಬುದು ನನಗೂ ಹೊಳೆದಿರಲಿಲ್ಲ. ಅಲ್ಲಿಯ ಅಜ್ಜಿಯ ಒಂದು ಮಾತಿಗೆ ಬಾಗಿಲು ಮುಚ್ಚುತ್ತದೆ. ಇಲ್ಲಿ ನಾವು ಸಾಲು ಹಚ್ಚಿ ಕಲಿಕೆಯ ಸಾಮಾನಾಗುತ್ತೇವೆ. ಈಗ ಬಂದದ್ದು ನಿಜವಾದ ಸಿಟ್ಟು. ಶಿಬಿರ ನಡೆಸಿದವರಿಗೆ ಫೋನು ಹಚ್ಚಿದೆ. ಫುಕಟ್ ತಪಾಸಣೆಯಲ್ಲಿ ಕೇಳುವುದೇನಿದೆ ಎಂದು ಅವರು ನಕ್ಕರು.

"ತಪಾಸಣಿ ಫುಕಟ್ ಇರಬಹುದ್ರಿ," ಎಂದೆ, "ನನ್ನ ತೋಳು ಫುಕಟ್ ಅಲ್ಲ."

ಮುಂದಿನ ಸಲ ಕೇಳಿಯೇ ಮುಟ್ಟುತ್ತೇವೆ ಎಂದು ಕೊನೆಗೆ ಒಪ್ಪಿದರು. ಮಗಳು ನನ್ನನ್ನು ಅಭಿಮಾನದಿಂದ ನೋಡಿದಳು. ಶಿಬಿರದ ರಿಪೋರ್ಟು ಇನ್ನೂ ಬಂದಿರಲಿಲ್ಲ. ಆದ್ದರಿಂದ ಪಕ್ಕದಲ್ಲಿ ಕುಳಿತು, ಬಹಳ ಮರ್ಯಾದೆಯಿಂದ, ತಾನು ರಕ್ತ ತೆಗೆಯಲೇ, ಬೇಡವೆಂದರೂ ಸರಿ ಎಂದು ಕೇಳಿದಳು. ನಾನು ಅಂಗಿಯ ತೋಳನ್ನು ಇಳಿಸಿ ಗುಂಡಿ ಹಾಕಿಕೊಂಡು, ಮೊದಲು ಪೂರಾ ಡಾಕ್ಟರಾಗು, ಆಮೇಲೆ ನೋಡೋಣ ಎಂದೆ.

ಅಡುಗೆಮನೆಯಿಂದ ಹೆಂಡತಿ ಕೇಳಿದಳು: "ಆ ಹುಡುಗಿ ಪೂರಾ ಡಾಕ್ಟರ್ ಇದ್ದಳೇನು?"

ಅಂಗಡಿ ತೆಗೆಯುವ ಹೊತ್ತಾಯಿತೆಂದು ಎದ್ದುಬಿಟ್ಟೆ. ಅಂದು ಅಂಗಡಿಗೆ ರಜೆಯಿತ್ತು.